ಏನೂ ಸಿಗಲಿಲ್ಲ

ಅಪ್ಪನ ಶವಪೆಟ್ಟಿಗೆ ಇಳಿಸುತ್ತಿದ್ದ ಹಗ್ಗಕ್ಕೆ ಕಟ್ಟಡದ ಕಂಟ್ರಾಕ್ಟರೂ ಕೈ ಹಾಕಿದ್ದನ್ನು ಕಂಡು ಮಗಳಿಗೆ ಮೈ ಉರಿಯಿತು. ಅಪ್ಪ ಪುರಾತತ್ವದವರು. ಕಟ್ಟಡ ಏಳುವ ಮುಂಚೆ ನೆಲ ಅಗೆದು, ಕೆಳಗೆ ಹಳೆಯದೇನಾದರೂ ಇದೆಯೇ ಎಂದು ಹೇಳುವುದು ಅವರ ಕೆಲಸ. ಸರ್ವೀಸ್ ಪೂರ್ತಿ ಅವರು ಹೇಳಿದ್ದು ಒಂದೇ ಮಾತು: ಏನೂ ಸಿಗಲಿಲ್ಲ. ಅಂಥವರ ಸಾವಿಗೆ ಕಂಟ್ರಾಕ್ಟರ್ ಕಣ್ಣೊರೆಸಿಕೊಂಡರೆ ಯಾರಿಗೆ ತಾನೆ ಅನುಮಾನ ಬಾರದು?

ಪಕ್ಕದಲ್ಲಿದ್ದ ಪುರಾತತ್ವದ ಪ್ರೊಫೆಸರು, ಅಪ್ಪನ ಸಹಪಾಠಿ, ಬೆಂಕಿಗೆ ತುಪ್ಪ ಸುರಿದರು. "ಒಳ್ಳೆ ಮನುಷ್ಯ ಕಣಮ್ಮಾ, ಇಲ್ಲ ಅನ್ನಲ್ಲ. ಆದ್ರೆ ಗುಂಡಿಗಿಳಿದು ಅಗೆಯೋನಲ್ಲ. ಕಾರಲ್ಲೇ ಕೂತು ಸೈನ್ ಹಾಕ್ತಾನೆ ಅಂತ ನಮ್ಮವರೆಲ್ಲ ಆಡ್ಕೊಳ್ತಿದ್ರು."

\*

ಕಾಲೇಜಿನಲ್ಲಿದ್ದಾಗ ಒಮ್ಮೆ ಅವಳು ಕೇಳಿಯೇ ಬಿಟ್ಟಿದ್ದಳು. "ಅಪ್ಪಾ, ಒಂದು ಮಡಕೆ ಚೂರೂ ಸಿಕ್ಕಿಲ್ವಾ? ಇಲ್ಲಾ ಸಿಕ್ಕಿದ್ದನ್ನ ಮುಚ್ಚಿಹಾಕ್ತೀಯಾ?"

ಬೇರೆ ಅಪ್ಪನಾಗಿದ್ದರೆ ಕೆನ್ನೆಗೆ ಬಾರಿಸುತ್ತಿದ್ದ. ಇವರು ಕೈಯಲ್ಲಿದ್ದ ತುತ್ತು ತಟ್ಟೆಗಿಟ್ಟು, "ಇಲ್ಲ ಅನ್ನೋಕೂ ತಳದ ತನಕ ಅಗೀಬೇಕು ಮಗೂ" ಎಂದಿದ್ದರು. ಅವಳು ನಂಬಲಿಲ್ಲ. ಆಮೇಲೆ ಇಬ್ಬರೂ ಆ ಮಾತೆತ್ತಲಿಲ್ಲ.

\*

ಹಗ್ಗ ಬಿಟ್ಟ ಕಂಟ್ರಾಕ್ಟರ್ ನೇರ ಅವಳ ಬಳಿಗೇ ಬಂದ. "ತಪ್ಪು ತಿಳೀಬೇಡಿ ಮೇಡಂ" ಎನ್ನುತ್ತ ಜೇಬಿನಿಂದ ಒಂದು ಹಿಡಿ ಪೆನ್ನಿನ ಮುಚ್ಚಳ ತೆಗೆದ. ಎಲ್ಲಕ್ಕೂ ಮಣ್ಣು ಮೆತ್ತಿತ್ತು.

"ನಿಮ್ಮಪ್ಪ ನೋಡಿಬಿಟ್ಟ ಸೈಟಲ್ಲಿ ಪಾಯ ತೋಡಿದ್ರೆ ಇವು ಸಿಗೋವು. ಆಳದಲ್ಲಿ, ಗಟ್ಟಿ ನೆಲದ ಮೇಲೆ. ಏನೋ ಮಾಟ ಮಾಡಿದಾರೆ ಅಂತ ನಂಗೆ ಜೀವಭಯ. ಕೇಳೋಕೆ ಬಾಯಿ ಬರ್ಲಿಲ್ಲ. ಈಗ ಅವ್ರೇ ಹೋಗ್ಬಿಟ್ರು. ಇನ್ಯಾರು ತೆಗೀತಾರೆ ಇದನ್ನ?"

ಅವಳಿಗೆ ತಲೆಬುಡ ತಿಳಿಯಲಿಲ್ಲ. ಪ್ರೊಫೆಸರ ಮುಖ ಮಾತ್ರ ಬಿಳಿಚಿಕೊಂಡಿತು.

"ಮಾಟ ಅಲ್ಲಪ್ಪಾ. ನಮ್ಮ ಕಸುಬಿನ ಪದ್ಧತಿ. ತಳ ಮುಟ್ಟಿದ ಮೇಲೆ, ಗುಂಡಿ ಮುಚ್ಚೋ ಮುಂಚೆ, ಈ ಕಾಲದ್ದೊಂದು ವಸ್ತು ಇಟ್ಟು ಬರ್ತೀವಿ. ಮುಂದೆ ಅಗೆಯೋರಿಗೆ, ಇಲ್ಲೊಬ್ಬ ಆಗ್ಲೇ ಇಳಿದು ನೋಡಿದಾನೆ ಅಂತ ಗೊತ್ತಾಗ್ಲಿ ಅಂತ."

"ಎಲ್ಲಾ ಸೈಟಲ್ಲೂ ಇತ್ತಾ?" ಎಂದಳು ಮಗಳು.

"ಒಂದ್ರಲ್ಲೂ ತಪ್ಪಿಲ್ಲ ಮೇಡಂ."

ಬೆಳಗಿನಿಂದ ಬಾರದಿದ್ದ ಅಳು ಅವಳಿಗೆ ಆಗ ಬಂತು. ಅಪ್ಪನನ್ನು ಇನ್ನೊಂದು ಸಲ ಕೇಳಬಹುದಿತ್ತಲ್ಲ.

ಮಣ್ಣು ಮುಚ್ಚುವವರು ಸಲಿಕೆ ಎತ್ತಿದರು. "ತಡೀರಿ" ಎಂದ ಪ್ರೊಫೆಸರು ಗುಂಡಿಯಂಚಿನಲ್ಲಿ ಮೊಣಕಾಲೂರಿ, ತಮ್ಮ ಪೆನ್ನಿನ ಮುಚ್ಚಳ ಕಳಚಿ ಒಳಗೆ ಬಿಟ್ಟರು. ಬೋಳು ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡು ಎದ್ದರು. ಮೊದಲ ಸಲಿಕೆ ಮಣ್ಣು ಬೀಳುವಾಗ ಅವರ ಬಿಳಿ ಅಂಗಿಯ ಎದೆಯ ಮೇಲೆ ಶಾಯಿ ಹರಡುತ್ತಿತ್ತು. ಅವರು ನೋಡಿಕೊಳ್ಳಲಿಲ್ಲ.