ನಲವತ್ತು ಸೆಕೆಂಡಿನ ಬುಗುರಿ

ಆವತ್ತು ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿ ಇಳಿದಿತ್ತೆಂದರೆ, ನಿಲ್ದಾಣದಲ್ಲಿ ನಿಂತವರಿಗೆ ಮೊದಲು ಬಸ್ಸಿನ ಸದ್ದು ಬಂತು, ಆಮೇಲೆ ಎರಡು ಹಳದಿ ದೀಪ ಬಂದವು, ಬಸ್ಸು ಬಂದದ್ದು ಕಟ್ಟಕಡೆಗೆ. ಆಫೀಸಿನಲ್ಲಿ ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದ ಆ ಹೆಂಗಸು ಹತ್ತಿ, ಕಿಟಕಿ ಪಕ್ಕ ಕೂತು ಗಡಿಯಾರ ನೋಡಿಕೊಂಡಳು. ಆರು ಹದಿನೆಂಟು. ಒಂದು ನಿಮಿಷ ಅತ್ತಿತ್ತಿಲ್ಲ. ಅವಳಿಗೆ ಒಳಗೊಳಗೇ ಹಿಗ್ಗು. ಹಿಗ್ಗಿನ ಬೆನ್ನಿಗೇ ಎದೆಯಲ್ಲೊಂದು ಚಳುಕು.

ಆ ಊರಿನ ಯಾವ ಬಸ್ಸು ಯಾವ ಡಿಪೋದಿಂದ ಎಷ್ಟು ಹೊತ್ತಿಗೆ ಹೊರಡಬೇಕೆಂದು ದಿನಾ ನಸುಕಿನಲ್ಲಿ ಗೊತ್ತುಮಾಡುವ ಪ್ರೋಗ್ರಾಮನ್ನು ಹದಿನಾಲ್ಕು ವರ್ಷದಿಂದ ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡವಳು ಅವಳೇ. ಇವತ್ತು ಹತ್ತು ಗಂಟೆಗೆ ಅದನ್ನು ನಿಲ್ಲಿಸುವುದಿತ್ತು. ನಾಳೆಯಿಂದ ಹೊಸದು. ಹಳೆಯದು ಮುಗಿದರೆ ಅವಳು ಒಂದು ಬುಗುರಿಯನ್ನು ವಾಪಸು ಕೊಡಬೇಕಿತ್ತು.

ಆಫೀಸಿನ ಬಾಗಿಲು ತೆಗೆದಾಗ ಒಳಗೆ ಒಂದು ನರಪಿಳ್ಳೆಯೂ ಇರಲಿಲ್ಲ. ಅವಳಿಗೆ ಬೇಕಿದ್ದದ್ದೂ ಅದೇ. ಒದ್ದೆ ಬಟ್ಟೆಯಲ್ಲಿ ಮೇಜು ಒರೆಸಿದಳು. ಕೀಲಿಮಣೆಯನ್ನು ತಲೆಕೆಳಗು ಮಾಡಿ ಎರಡು ಸಲ ತಟ್ಟಿದಳು. ಕೈ ತೊಳೆದು ಬಂದು, ನಿಂತುಕೊಂಡೇ ಅರ್ಧ ಲೋಟ ಬಿಸಿನೀರು ಕುಡಿದಳು. ಕೂತು ಕಣ್ಣು ಮುಚ್ಚಿ, ‘ಇವತ್ತು ನನ್ನ ಕೈಯಿಂದ ಯಾರಿಗೂ ತೊಂದರೆ ಆಗದಿರಲಪ್ಪಾ ದೇವರೇ’ ಅಂದುಕೊಂಡಳು. ಆಮೇಲೆ ಡ್ರಾಯರಿನಿಂದ ಬುಗುರಿ ತೆಗೆದಳು.

ನಿಂಬೆಹಣ್ಣಿಗಿಂತ ಚಿಕ್ಕದು, ದಾರ ಬೇಡದ, ಬೆರಳಲ್ಲೇ ತಿರುಗಿಸುವ ಮರದ ಬುಗುರಿ. ಬಣ್ಣವೆಲ್ಲ ಹೋಗಿ, ಹಿಡಿಯುವ ಕಡ್ಡಿ ಮಾತ್ರ ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿತ್ತು. ತಿರುಗಿಸಿ ಬಿಟ್ಟು ಕೈ ಎರಡನ್ನೂ ಮಡಿಲಲ್ಲಿಟ್ಟುಕೊಂಡಳು. ಅದು ತಿರುಗುವಷ್ಟು ಹೊತ್ತು ಒಂದು ಕೀಲಿಯನ್ನೂ ಮುಟ್ಟುವ ಹಾಗಿಲ್ಲ. ಏನು ಬರೆಯಬೇಕು, ಯಾರಿಗಾಗಿ ಬರೆಯಬೇಕು ಅಂತ ಯೋಚಿಸಬೇಕು, ಅಷ್ಟೇ. ಅದು ಓಲಾಡಿ, ಮಗ್ಗುಲಿಗೆ ಮಲಗಿದ ಮೇಲೆ ಮೊದಲ ಸಾಲು.

ಈ ಪದ್ಧತಿ ಅವಳದಲ್ಲ. ಮೇಷ್ಟ್ರದು.

ಮೇಷ್ಟ್ರು ಅಂದರೆ ಆ ಪ್ರೋಗ್ರಾಮನ್ನು ಮೊಟ್ಟಮೊದಲು ಬರೆದವರು. ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ತಪ್ಪು ಮಾಡಿದವರನ್ನು ಬಯ್ಯುವ ಬದಲು ಪಕ್ಕಕ್ಕೆ ಕುರ್ಚಿ ಎಳೆದು ಕೂರಿಸಿಕೊಳ್ಳುತ್ತಿದ್ದದ್ದರಿಂದ ಆ ಹೆಸರು ಬಂದಿತ್ತು. ಏಳು ವರ್ಷ ಅವರ ಎಡಗಡೆಯ ಕುರ್ಚಿ ಅಕ್ಕನದು. ಬೆಳಿಗ್ಗೆ ಇಬ್ಬರೇ ಇರುತ್ತಿದ್ದರು. ಮಾತಿಲ್ಲ, ಕತೆಯಿಲ್ಲ. ನಡುವೆ ಬುಗುರಿ ಗುಂಯ್ ಅನ್ನುತ್ತಿತ್ತು. ಆ ಗುಂಯ್ ಅನ್ನುವ ಹೊತ್ತಿನಲ್ಲಿ ಅವಳಿಗೆ ಯಾರದೋ ಮನೆಯ ಜಗಲಿಯಲ್ಲಿ ನಿಶ್ಚಿಂತೆಯಿಂದ ಕೂತ ಹಾಗಿರುತ್ತಿತ್ತು. ಅಂಥ ಬೆಳಗು ಮತ್ತೆ ಬರಲಿಲ್ಲ.

ಕೆಲಸಕ್ಕೆ ಸೇರಿದ ಆರನೇ ವರ್ಷ ಅವಳೊಂದು ಜಾಣತನ ಮಾಡಿದ್ದಳು. ಪ್ರೋಗ್ರಾಮು ಶುರುವಾದೊಡನೆ ಏನೂ ಮಾಡದೆ ನಲವತ್ತು ಸೆಕೆಂಡು ಸುಮ್ಮನೆ ಕಾಯುತ್ತಿತ್ತು. ಅದು ದಂಡ ಅನ್ನಿಸಿ, ಯಾರನ್ನೂ ಕೇಳದೆ ಆ ಸಾಲನ್ನು ಅಳಿಸಿಬಿಟ್ಟಳು. ಮಾರನೆಯ ದಿನ ಸೋಮವಾರ. ಡಿಪೋಗಳ ಕಂಪ್ಯೂಟರುಗಳು ಎದ್ದು ಹೊಸ ದಿನದ ಪಟ್ಟಿ ಕಳಿಸಲು ತೆಗೆದುಕೊಳ್ಳುತ್ತಿದ್ದ ಹೊತ್ತೇ ಆ ನಲವತ್ತು ಸೆಕೆಂಡು. ಪಟ್ಟಿ ಬರುವ ಮುಂಚೆಯೇ ಪ್ರೋಗ್ರಾಮು ಓಡಿತು, ಕೈಗೆ ಸಿಕ್ಕ ಭಾನುವಾರದ ಪಟ್ಟಿಯನ್ನೇ ಹಿಡಿಯಿತು. ಊರಿಗೆ ಊರೇ ಕೆಲಸಕ್ಕೆ ಹೊರಟು ನಿಂತಿದ್ದರೆ, ಬಸ್ಸುಗಳಲ್ಲಿ ಅರ್ಧಕ್ಕರ್ಧ ಡಿಪೋದಲ್ಲೇ ಹಾಯಾಗಿ ಮಲಗಿದ್ದವು.

ಮ್ಯಾನೇಜರು ಮುಖ ಕೆಂಪಗೆ ಮಾಡಿಕೊಂಡು ಬಂದಾಗ ಮೇಷ್ಟ್ರು ಎದ್ದು ನಿಂತು, “ಅಲ್ಲಿ ಯಾಕೆ ಕಾಯಬೇಕು ಅಂತ ನಾನು ಬರೆದೇ ಇಟ್ಟಿರಲಿಲ್ಲ. ತಪ್ಪು ನಂದು” ಅಂದರು. ಅವಳಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತ್ತು. ಸಂಜೆ ಅವರು ಬುಗುರಿಯನ್ನು ಅವಳ ಮೇಜಿನ ಮೇಲಿಟ್ಟರು.

“ನಿಂಗೆ ಎಲ್ಲಾ ಬರುತ್ತೆ ಮಗಳೇ, ಸುಮ್ನೆ ಕೂರೋದೊಂದು ಬರಲ್ಲ. ಇದು ನಮ್ಮಪ್ಪ ಕೆತ್ತಿ ಕೊಟ್ಟಿದ್ದು. ಇಟ್ಕೋ. ಈ ಕೆಲಸ ಮುಗಿದ ಮೇಲೆ ವಾಪಸು ಕೊಡು.”

ಇವರ ಕಸುಬಿನಲ್ಲಿ ಕೆಲಸ ಮುಗಿಯುವುದುಂಟೇ? ಒಂದು ತಿದ್ದಿದರೆ ಇನ್ನೊಂದು ಎದ್ದು ಕೂರುತ್ತದೆ. ಮರುವರ್ಷ ಮೇಷ್ಟ್ರು ನಿವೃತ್ತರಾದರು. ಆವತ್ತು ಬುಗುರಿ ಅವಳ ಚೀಲದಲ್ಲೇ ಇತ್ತು. ಕೊಡಲು ಕೈ ಬರಲಿಲ್ಲ. ಕೆಲಸ ಇನ್ನೂ ಮುಗಿದಿಲ್ಲವಲ್ಲ ಅಂದುಕೊಂಡಳು. ಅವರ ಮನೆ ಒಂದೇ ಬಸ್ಸಿನ ದಾರಿ. ಆದರೂ ಏಳು ವರ್ಷ ಆ ಕಡೆ ತಲೆ ಹಾಕಲಿಲ್ಲ. ಹೋದರೆ ಬುಗುರಿಯ ಮಾತು ಬರುತ್ತದೆ, ಬಂದರೆ ಕೊಡಬೇಕಾಗುತ್ತದೆ. ಅದಿಲ್ಲದೆ ಒಂದು ಸಾಲನ್ನಾದರೂ ಶುರುಮಾಡಬಲ್ಲೆ ಅನ್ನುವ ಧೈರ್ಯ ಅವಳಿಗಿರಲಿಲ್ಲ.

ಒಂಬತ್ತೂವರೆಗೆ ಗಿಳಿ ಬಂದ. ವಟವಟ ಅನ್ನುವ ಬಾಯಿಗೆ ಆಫೀಸು ಇಟ್ಟ ಹೆಸರು ಅದು. ಬಂದವನೇ ಬೂಟು ಬಿಚ್ಚಿ, ಹೆಬ್ಬೆರಳು ಇಣುಕುವ ಕೆಂಪು ಕಾಲುಚೀಲ ಹಾಕಿಕೊಂಡ. ಅದಿಲ್ಲದೆ ಅವನಿಗೆ ಕೋಡು ಬರೆಯಲು ಬರುವುದಿಲ್ಲ.

“ಅದನ್ನ ಒಗೆದು ಎಷ್ಟು ದಿನ ಆಯ್ತೋ ಮಾರಾಯ?”

“ಒಗೆದ್ರೆ ಗುಣ ಹೋಗುತ್ತೆ ಅಕ್ಕಾ. ನಿಮ್ಮ ಬುಗುರಿಗೆ ಸೋಪು ಹಾಕ್ತೀರಾ ನೀವು?” ಅಂದವನು, ಅವಳ ಮುಖ ನೋಡಿ ದನಿ ತಗ್ಗಿಸಿದ. “ಇವತ್ತು ಅದನ್ನ ಕೊಡಬೇಕಲ್ವಾ? ಕೊಡಬೇಡಿ ಬಿಡಿ. ಹಳೇದರಲ್ಲಿ ಟಿಕೆಟ್ ದರ ಲೆಕ್ಕ ಹಾಕೋ ಭಾಗ ಹಾಗ್‌ಹಾಗೇ ಹೊಸದರಲ್ಲಿದೆ. ಅಂದಮೇಲೆ ಕೆಲಸ ಎಲ್ಲಿ ಮುಗೀತು? ಅವರಿಗೆ ನೆನಪಾದ್ರೂ ಇದ್ಯೋ ಇಲ್ವೋ.”

ಅವಳೂ ಹಿಂದಿನ ದಿನವೆಲ್ಲ ಇದೇ ವಾದವನ್ನು ತನ್ನೊಳಗೆ ಹೂಡಿ ನೋಡಿದ್ದಳು. ಇನ್ನೊಬ್ಬರ ಬಾಯಲ್ಲಿ ಕೇಳಿದಾಗ ನಾಚಿಕೆಯಾಯಿತು.

ಹತ್ತು ಗಂಟೆಗೆ ಹಳೆಯದನ್ನೂ ಹೊಸದನ್ನೂ ಒಟ್ಟಿಗೆ ಓಡಿಸಿ, ಉತ್ತರ ತಾಳೆ ನೋಡಿ, ಹಳೆಯದನ್ನು ನಿಲ್ಲಿಸಬೇಕು. ಗಿಳಿ ಹೊಸದನ್ನು ಒತ್ತಿದ. ಕಣ್ಣು ಮಿಟುಕಿಸುವಷ್ಟರಲ್ಲಿ ಪಟ್ಟಿ ಬಂತು. “ಇದಕ್ಕೆ ಕಾಯೋದೇ ಬೇಡ ಅಕ್ಕಾ, ಡಿಪೋ ಕಂಪ್ಯೂಟರುಗಳೆಲ್ಲ ಈಗ ನಿದ್ದೇನೇ ಮಾಡಲ್ಲ.”

ಅಕ್ಕ ಹಳೆಯದನ್ನು ಒತ್ತಿದಳು. ತೆರೆಯ ಮೇಲೆ ಏನೂ ಇಲ್ಲ. ಬರೀ ಕಪ್ಪು. ಕಾಯುವ ಸಾಲನ್ನು ವಾಪಸು ಹಾಕಿ ಮೇಷ್ಟ್ರು ಆ ಸೋಮವಾರ ಅದರ ಮೇಲೆ ಸೇರಿಸಿದ್ದ ಟಿಪ್ಪಣಿ ಅವಳಿಗೆ ಬಾಯಿಪಾಠ: ‘ಇಲ್ಲಿ ಸ್ವಲ್ಪ ತಾಳಿ. ದೂರದವರು ಇನ್ನೂ ಬರಬೇಕು.’ ಯಾಕೋ ಏನೋ, ಅವಳ ಕೈ ತಾನಾಗಿ ಬುಗುರಿ ತಿರುಗಿಸಿತು. ಗಿಳಿಯೂ ಆವತ್ತೊಂದು ದಿನ ಬಾಯಿ ಮುಚ್ಚಿ ನಿಂತ. ಬುಗುರಿ ತಿರುಗಿತು, ಸುಸ್ತಾಯಿತು, ಓಲಾಡಿತು, ಮಲಗಿತು. ಅದೇ ಗಳಿಗೆಗೆ ತೆರೆಯ ಮೇಲೆ ಮೊದಲ ಬಸ್ಸಿನ ಸಾಲು ಮೂಡಿತು.

ಅಷ್ಟು ವರ್ಷ ಬುಗುರಿಯನ್ನೂ ಪ್ರೋಗ್ರಾಮಿನ ಆ ಕಾಯುವಿಕೆಯನ್ನೂ ಬೇರೆಬೇರೆಯಾಗಿ ನೋಡಿದ್ದಳು, ಒಟ್ಟಿಗೆ ನೋಡಿರಲಿಲ್ಲ. ಮೇಷ್ಟ್ರು ತಮ್ಮ ಬೆಳಗಿನ ಮೌನವನ್ನೇ ಅಳೆದು ಪ್ರೋಗ್ರಾಮಿಗೂ ಕೊಟ್ಟಿದ್ದರು. ತಾನು ಅಳಿಸಿದ್ದು ಅದನ್ನು. ಹೊಸದರಲ್ಲಿ ದರದ ಭಾಗ ಬಂದಿತ್ತು, ಆ ಸಾಲು ಬಂದಿರಲಿಲ್ಲ. ಇನ್ನು ಯಾವ ನೆಪವೂ ಉಳಿಯಲಿಲ್ಲ. ಉತ್ತರ ತಾಳೆಯಾಯಿತು. ಅವಳು ಹಳೆಯದನ್ನು ನಿಲ್ಲಿಸಿ, ರಜೆ ಹಾಕಿ ಎದ್ದಳು.

ಬಾಗಿಲು ತೆಗೆದದ್ದು ಮೇಷ್ಟ್ರ ಹೆಂಡತಿ. ಸೊಂಟದ ಮೇಲೆ ಕೈಯಿಟ್ಟು, ಅಡಿಯಿಂದ ಮುಡಿಯವರೆಗೆ ನೋಡಿದರು.

“ಏಳು ವರ್ಷ ಬೇಕಾಯ್ತಾ ತಾಯಿ, ಎಂಟು ನಿಲ್ದಾಣ ದಾಟೋಕೆ? ಬಸ್ಸು ನೀವೇ ಅಲ್ವಾ ಓಡಿಸೋದು?”

“ತಪ್ಪಾಯ್ತಮ್ಮಾ.”

“ತಪ್ಪಂತೆ. ಬಾ ಒಳಗೆ.” ಅವರು ದನಿ ಇಳಿಸಿದರು. “ಇಲ್ಲಿ ಪಕ್ಕದ ಲೈಬ್ರರಿಯವರಿಗೆ ಏನೋ ಪುಸ್ತಕದ ಪಟ್ಟಿ ಇಡೋ ಪ್ರೋಗ್ರಾಮು ಬರ್ಕೊಡ್ತೀನಿ ಅಂತ ಒಪ್ಕೊಂಡಿದಾರೆ. ದಿನಾ ಕೂರ್ತಾರೆ. ಮೇಜಿನ ಮೇಲೆ ಕೈಯಾಡಿಸಿ ಏನೋ ಹುಡುಕ್ತಾರೆ, ಎದ್ದು ಬರ್ತಾರೆ. ನನ್ನ ಡಬ್ಬಿ ಮುಚ್ಚಳ ಒಂದೂ ಬಿಟ್ಟಿಲ್ಲ, ಎಲ್ಲಾ ತಿರುಗಿಸಿ ನೋಡಾಯ್ತು. ಮೊನ್ನೆ ಚಮಚ! ‘ಅವಳನ್ನ ಕೇಳಬಾರದಾ’ ಅಂದೆ. ‘ಕೇಳಿದ್ರೆ ಕೊಟ್ಬಿಡ್ತಾಳೆ, ಅವಳಿಗೆ ಬೇಕು ಅದು, ನಾನು ಆ ಕಡೆ ಹೋಗೋದೇ ಬೇಡ’ ಅಂದ್ರು.”

ಅಕ್ಕ ಚೀಲದೊಳಗಿನ ಬುಗುರಿಯನ್ನು ಮುಟ್ಟಿ ನೋಡಿಕೊಂಡಳು. ಮೇಷ್ಟ್ರು ಹತ್ತಿರವೇ ಇದ್ದ ಹಾಗಿರಲಿ ಅಂತ ತಾನು ಇಟ್ಟುಕೊಂಡದ್ದು. ಅದೇ ಇಬ್ಬರ ನಡುವೆ ಏಳು ವರ್ಷ ಅಡ್ಡ ಕೂತಿತ್ತು.

ಕಿಟಕಿಯ ಬಳಿ ಮೇಷ್ಟ್ರು ಕೂತಿದ್ದರು. ಕೂದಲೆಲ್ಲ ಬೆಳ್ಳಗಾಗಿತ್ತು. ಎದುರಿಗೆ ಖಾಲಿ ತೆರೆ. ಹೊರಗೆ ಮಂಜು ಕರಗಿ, ರಸ್ತೆಯ ಮೇಲೆ ಎಳೆಬಿಸಿಲು ಬಿದ್ದಿತ್ತು.

“ಬಂದ್ಯಾ ಮಗಳೇ,” ಅಂದರು, ನಿನ್ನೆ ಸಂಜೆ ಬಿಟ್ಟುಹೋದವಳಿಗೆ ಹೇಳುವಂತೆ. ಎಡಗಡೆಗೆ ಇನ್ನೊಂದು ಕುರ್ಚಿ ಎಳೆದರು.

ಅವಳು ಕೂತಳು. “ಕೆಲಸ ಮುಗೀತು ಮೇಷ್ಟ್ರೇ.”

“ಮುಗೀತಾ?” ಅವರು ಹುಬ್ಬೇರಿಸಿದರು. “ನಮ್ಮಲ್ಲಿ ಹಾಗೂ ಆಗೋದುಂಟಾ?”

“ಇವತ್ತು ಆಯ್ತು.”

“ಕೊನೇ ಸಲ ಓಡಿಸಿದಾಗ ಕಾಯ್ತಾ ಅದು?”

“ಪೂರ್ತಿ ಕಾಯ್ತು. ನಾನೂ ಕಾದೆ.”

ಮೇಷ್ಟ್ರು ತಲೆದೂಗಿದರು. ಅವರ ಕೈ ಮೇಜಿನ ಮೇಲೆ, ಕೀಲಿಮಣೆಯ ಪಕ್ಕದ ಖಾಲಿ ಜಾಗದಲ್ಲಿ ಸುಮ್ಮನೆ ಅಂಗೈ ಮೇಲಾಗಿ ಬಿದ್ದಿತ್ತು. ಅಕ್ಕ ಚೀಲದಿಂದ ಬುಗುರಿ ತೆಗೆದಳು. ಅವರ ಅಂಗೈಯಲ್ಲಿ ಅದನ್ನಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಿಸಿ, ತನ್ನ ಕೈ ಎರಡನ್ನೂ ಮಡಿಲಿಗೆ ತೆಗೆದುಕೊಂಡಳು.