ಆ ಹೆಸರು ಹಿಡಿದು ಕೂಗಬೇಡಿ

"ಕಿವೀಗೇನ್ ಸೀಸ ಹುಯ್ಕೊಂಡಿದ್ದೀಯೇನೇ, ಕರಿ ಮುಂಡೇದೇ? ಡಲ್ಸಿ ಅಂತ ಮೂರು ಸಲ ಕೂಗ್ದೆ!"

ಮಿಷನ್ನಿನ ಬಿಳಿಯ ಮೇಲ್ವಿಚಾರಕ ಕ್ರೌದರನ ಚರ್ಮದ ಪಟ್ಟಿ ಪುಟ್ಟಿಯ ಮೊಣಕಾಲ ಮೇಲೆ ಬಿತ್ತು. ಏಳು ವರ್ಷದ ಹುಡುಗಿ ಬಗ್ಗಿ ಕಾಲುಜ್ಜಿಕೊಂಡಳೇ ಹೊರತು ಓಗೊಡಲಿಲ್ಲ. ಬೆಳಗಿನ ಹಾಜರಿಗೆ ಸಾಲಾಗಿ ನಿಂತಿದ್ದ ನಲವತ್ತು ಹುಡುಗಿಯರು ನೆಲ ನೋಡುತ್ತಿದ್ದರು. ಅಂಗಳದ ಕೆಂಪು ಧೂಳು ಆಗಲೇ ಕಾಲು ಸುಡುತ್ತಿತ್ತು.

"ಅವಳ್ನ ಹಂಗ್ ಕರೀಬ್ಯಾಡಿ ಬಾಸ್," ಎಂದಳು ಹೆಟ್ಟಿ. ಬಟ್ಟೆ ಒಗೆಯುವ ಕೊಟ್ಟಿಗೆಯಲ್ಲಿ ದುಡಿಯುವ ಹದಿನಾಲ್ಕರ ಹುಡುಗಿ ಅವಳು. "ಆ ಹೆಸ್ರು ಈಗ ಯಾರೂ ಹೇಳಂಗಿಲ್ಲ. ಬರೀ ಪುಟ್ಟಿ ಅಂತೀವಿ."

ಯಾಕೆಂದು ಅವನಿಗೆ ಗೊತ್ತಿರಲಿಲ್ಲವೇ? ಹನ್ನೆರಡು ವರ್ಷದಿಂದ ಈ ನೆಲದ ಮೂಲನಿವಾಸಿಗಳ ಮಕ್ಕಳನ್ನು ತಾಯಂದಿರಿಂದ ಕಿತ್ತು ಲಾರಿಗೆ ತುಂಬಿಕೊಂಡು ಬಂದವನು. ಇವರು ಸತ್ತವರ ಹೆಸರನ್ನು ನಾಲಿಗೆಯ ಮೇಲೆ ತರುವುದಿಲ್ಲ. ಅದೇ ಹೆಸರಿನವರು ಬದುಕಿದ್ದರೆ ಅವರನ್ನೂ ಹಾಗೆ ಕರೆಯುವುದಿಲ್ಲ. ಬಂದ ಮಕ್ಕಳಿಗೆ ಹೆಸರಿಟ್ಟೂ ಇಟ್ಟೂ ಬೇಸತ್ತು ಪುಟ್ಟಿಗೂ ಸತ್ತವಳಿಗೂ ಒಂದನ್ನೇ ಕಟ್ಟಿದ ಪುಣ್ಯಾತ್ಮನೂ ಅವನೇ.

ಸತ್ತವಳು ಬಿಡ್ಡಿಯ ಮಗಳು. ಬೇಲಿ ನುಸುಳಿ, ನದಿಯ ಪಕ್ಕದ ತನ್ನವರ ಬಿಡಾರಕ್ಕೆ ಹೋಗಿ ತಾಯಿಯ ಮಗ್ಗುಲಲ್ಲಿ ಮಲಗಿದ್ದಳು, ಅಷ್ಟೇ ತಪ್ಪು. ಎಳೆದು ತಂದು, ತಲೆ ಬೋಳಿಸಿ, ಬೆನ್ನಿನ ಚರ್ಮ ಸುಲಿಯುವಂತೆ ಬಾರಿಸಿ, ಆ ನಾಡಿನ ನಡುಬೇಸಿಗೆಯಾದ ಜನವರಿಯ ಬಿಸಿಲಲ್ಲಿ ತಗಡಿನ ಕೋಣೆಗೆ ತಳ್ಳಿದರು. ಮೂರನೆಯ ದಿನ ಬಾಗಿಲು ತೆಗೆದವರು ಹಳೇ ಹಾಸಿಗೆ ಬಟ್ಟೆ ತಾ ಎಂದು ಕರೆದದ್ದು ಹೆಟ್ಟಿಯನ್ನೇ. ಆ ಹುಡುಗಿಯ ಉಗುರುಗಳು ಕಿತ್ತುಹೋಗಿದ್ದವು. ಗೋಡೆಯ ತಗಡಿಗೆ ರಕ್ತ ಒಣಗಿ ಅಂಟಿತ್ತು. ಹೆಟ್ಟಿಯೇ ಬಟ್ಟೆ ಸುತ್ತಿದಳು. ಹಂದಿದೊಡ್ಡಿಯ ಹಿಂದೆ ಹೂತರು.

ಹಾಜರಿ ಮುಗಿದ ಮೇಲೆ ಕ್ರೌದರ್ ಹೆಟ್ಟಿಯನ್ನು ಆಫೀಸಿಗೆ ಎಳೆದೊಯ್ದ.

"ಆ ಬಿಡ್ಡಿ ಐದು ದಿನದಿಂದ ಗೇಟ್ ಮುಂದೆ ಕೂತವ್ಳೆ. ನಾಡಿದ್ದು ಸರ್ಕಾರದೋರು ತಪಾಸಣೆಗೆ ಬರ್ತಾರೆ, ಅಷ್ಟ್ರೊಳಗೆ ಅವಳು ತೊಲಗ್ಬೇಕು. ಡಲ್ಸಿ ರೈಲು ಹಳಿ ಹಿಡ್ಕೊಂಡ್ ಓಡೋದ್ಳು ಅಂತ ಹೇಳು. ಹೆಸ್ರು ಹಿಡ್ದೇ ಹೇಳ್ಬೇಕು. ನಿನ್ ಬಾಯಲ್ಲಿ ಆ ಹೆಸ್ರು ಬಂತು ಅಂದ್ರೆ, ಮಗಳು ಬದುಕವ್ಳೆ ಅಂತ ನಂಬ್ಕೊಂಡು ಹುಡುಕ್ಕೊಂಡ್ ಹೋಗ್ತಳೆ."

ಎಂಥಾ ಪಾಪಿ! ಇವರ ಪದ್ಧತಿ ಕಲಿತದ್ದು ಇದಕ್ಕೆ.

"ನಾನ್ ಹೇಳಾಕಿಲ್ಲ," ಎಂದಳು ಹೆಟ್ಟಿ.

ಮೊದಲ ಏಟಿಗೆ ಅವಳ ತುಟಿ ಸೀಳಿತು. ಎರಡನೆಯದಕ್ಕೆ ಹಲ್ಲು ಅಲುಗಿತು. ಕುರ್ಚಿಗೆ ಬಗ್ಗಿಸಿ ಬಾರಿಸಿದ, ಲಂಗ ಒದ್ದೆಯಾಗುವವರೆಗೆ. ಹೆಟ್ಟಿ ಬಾಯಿಯ ರಕ್ತವನ್ನು ಅವನ ಮೇಜಿನ ಮೇಲೆ ಉಗಿದಳು. ಕ್ರೌದರ್ ಬೆವರು ಒರೆಸಿಕೊಂಡು, ಬಾಗಿಲಾಚೆ ನಿಂತಿದ್ದ ಪುಟ್ಟಿಯನ್ನು ಒಳಗೆ ಎಳೆದುಕೊಂಡ.

"ಬ್ಯಾಡ ಬಿಡು. ಇವಳ್ನ ಆ ಕೋಣೇಲಿ ಹಾಕ್ತೀನಿ. ಇವಳು ಎಷ್ಟು ದಿನ ತಡೀತಾಳೋ ನೋಡಾನ."

ಪುಟ್ಟಿ ಹೆಟ್ಟಿಯ ಮುಖ ನೋಡಿದಳು. ಹೆಟ್ಟಿ ಕುರ್ಚಿ ಹಿಡಿದು ಎದ್ದು ನಿಂತಳು.

"ಹೇಳ್ತೀನಿ," ಎಂದಳು.

ಗೇಟಿನ ಮುಳ್ಳುತಂತಿಯಾಚೆ ಬಿಡ್ಡಿ, ಅವಳ ಜೊತೆ ಬಿಡಾರದ ನಾಲ್ವರು ಹೆಂಗಸರು ಕೂತಿದ್ದರು. ಹೆಟ್ಟಿಯನ್ನು ಕಂಡು ಬಿಡ್ಡಿ ದಡಬಡಿಸಿ ಎದ್ದಳು.

"ಬಾಯಿಗೇನಾಯ್ತೇ ಮಗಾ? ನನ್ ಕೂಸೆಲ್ಲಿ?"

ಕ್ರೌದರನ ಕೈ ಪುಟ್ಟಿಯ ಕತ್ತಿನ ಮೇಲಿತ್ತು. ಹೆಟ್ಟಿ ಕಣ್ಣು ಮುಚ್ಚಿ ಹೇಳಿದಳು: ಆ ಹೆಸರು, ಆಮೇಲೆ ಓಟ, ಆಮೇಲೆ ರೈಲು ಹಳಿ. ಹೇಳಿದ ಬಾಯನ್ನೇ ಕಿತ್ತು ಬಿಸಾಡಬೇಕೆನಿಸಿತು.

ಬಿಡ್ಡಿ ಅಳುತ್ತಲೇ ನಕ್ಕುಬಿಟ್ಟಳು. "ಕೇಳುದ್ರೇನ್ರೇ! ಬದುಕವ್ಳಂತೆ! ಕಳ್ಳಮುಂಡೇದು, ನನ್ ಹೊಟ್ಟೇಲೇ ಹುಟ್ಟಿದ್ದು, ಸುಮ್ಕೆ ಕೂರ್ತದಾ?" ಎಂದು ಕಂಬಳಿ ಗಂಟು ಎತ್ತಿ ಹೆಗಲಿಗೆ ಹಾಕಿಕೊಂಡಳು. ಹೊರಡುವ ಮುಂಚೆ ತಂತಿಯ ಸಂದಿಯಿಂದ ಕೈ ತೂರಿಸಿ, ಪುಟ್ಟಿಯ ಕೆನ್ನೆ ಸವರಲು ಹೋಗಿ, ಮಗಳದ್ದೂ ಇವಳದ್ದೂ ಆಗಿದ್ದ ಆ ಹೆಸರಿನಿಂದಲೇ ಮುದ್ದಾಗಿ ಕರೆದಳು.

ಪುಟ್ಟಿ ಎರಡೂ ಕಿವಿ ಮುಚ್ಚಿಕೊಂಡಳು.

"ಹಂಗನ್ಬ್ಯಾಡ ಅವ್ವಾ. ಮೊನ್ನೆಯಿಂದ ನಂಗೆ ಹೆಸ್ರಿಲ್ಲ."

ಬಿಡ್ಡಿಯ ಕೈ ತಂತಿಯಲ್ಲೇ ನಿಂತಿತು. ಅವಳು ಹೆಟ್ಟಿಯನ್ನು ನೋಡಿದಳು. ಹೆಟ್ಟಿ ತಲೆ ತಗ್ಗಿಸಿ ಬೆರಳು ಮಾಡಿ ತೋರಿಸಿದಳು, ತಗಡಿನ ಕೋಣೆಯನ್ನು, ಆಮೇಲೆ ಹಂದಿದೊಡ್ಡಿಯನ್ನು.

"ಯಾವಾಗ?"

"ಬುಧವಾರ, ಚಿಕ್ಕವ್ವಾ. ನಾನೇ ಸುತ್ತಿದ್ದು."

ಬಿಡ್ಡಿ ಕೂತಳು. ನೆಲದಲ್ಲಿ ಕೈಯಾಡಿಸಿ ಒಂದು ಚೂಪುಗಲ್ಲನ್ನು ಎತ್ತಿ ತನ್ನ ತಲೆಗೆ ಹೊಡೆದುಕೊಂಡಳು. ಕರುಳಿನವರು ಸತ್ತರೆ ಆ ಹೆಂಗಸರು ಅಳುವುದೇ ಹಾಗೆ. ರಕ್ತ ಹುಬ್ಬು ದಾಟಿ ಕಣ್ಣಿಗಿಳಿಯಿತು. ಉಳಿದ ನಾಲ್ವರೂ ಕಲ್ಲು ಹುಡುಕಿಕೊಂಡರು. ಅವರ ಗೋಳು ಕೇಳಿ ಒಳಗಿನ ಹುಡುಗಿಯರೂ ಕೆಲಸ ಬಿಟ್ಟು ಬಂದರು. ಬಿಡ್ಡಿಯ ಕೈಯ ಕಲ್ಲು ಜಾರಿ ತಂತಿಯ ಈಚೆಗೆ ಉರುಳಿತು.

"ನಿಲ್ಸ್ರೇ ನಿಮ್ ದೆವ್ವದಾಟಾನ!" ಎಂದು ಕ್ರೌದರ್ ಅರಚಿದ. ಪುಟ್ಟಿಯ ಜುಟ್ಟು ಮುಷ್ಟಿಯಲ್ಲಿ ಹಿಡಿದು ನೆಲದ ಮೇಲೆ ದರದರ ಎಳೆದ. "ಹೆಸ್ರಿಲ್ವಾ ನಿಂಗೆ? ಬಾ, ಒಳಗ್ ಹಾಕಿ ಹೆಸ್ರಿಡ್ತೀನಿ!"

ಹೆಟ್ಟಿ ಆ ಕಲ್ಲನ್ನೆತ್ತಿಕೊಂಡಳು. ಮೊದಲು ತನ್ನ ಹಣೆಗೆ ಹೊಡೆದುಕೊಂಡಳು, ಸತ್ತವಳಿಗೆ ಸಲ್ಲಬೇಕಾದ್ದು ಸಲ್ಲಲಿ ಎಂದು. ಕಣ್ಣಿಗಿಳಿದ ರಕ್ತವನ್ನು ತೋಳಿನಿಂದ ಒರೆಸಿಕೊಂಡು ಓಡಿಬಂದು, ಜುಟ್ಟು ಹಿಡಿದಿದ್ದ ಆ ಕೈಯ ಮೇಲೆ ಅಪ್ಪಳಿಸಿದಳು. ಎಲುಬು ಲಟಕ್ಕೆಂದಿತು. ಪುಟ್ಟಿ ಬಿಡಿಸಿಕೊಂಡು ಬೇಲಿಯತ್ತ ಓಡಿದಳು. ಹೆಂಗಸರು ಬರಿಗೈಯಲ್ಲೇ ಮುಳ್ಳುತಂತಿಯನ್ನು ಮೇಲೆತ್ತಿ ಹಿಡಿದಿದ್ದರು.

ಕ್ರೌದರ್ ಮುರಿದ ಕೈಯನ್ನು ಎದೆಗವಚಿಕೊಂಡು ಮಂಡಿಯೂರಿದ್ದ. "ಹೆಟ್ಟಿ, ಬ್ಯಾಡ... ಹೆಟ್ಟಿ..." ಎನ್ನುತ್ತಿದ್ದ.

ಹೆಟ್ಟಿ ಮತ್ತೆ ಕಲ್ಲನ್ನೆತ್ತಿದಳು.