ಮಾರಕ್ಕನ ಒಲೆ ದಿನ

"ಬೋರ್ಡ್ ಓದಕ್ ಬರಲ್ವೇನೋ ಮುಂಡೇದೇ? ಸಸ್ಯಾಹಾರಿಗಳಿಗೆ ಮಾತ್ರ ಅಂತ ಹಾಕಿಲ್ವಾ? ನಿಮ್ಮೋರು ಬಂದ್ರೆ ಮೇಲ್ಮನೆಯಿಂದ ಕೆಳ್ಮನೆಗಂಟ ಗಬ್ಬು!"

ಹಾಲಿನ ಬೂತಿನ ಮುಂದೆ ನಿಂತಿದ್ದವರೆಲ್ಲ ತಿರುಗಿ ನೋಡಿದರು. ಮೇಲ್ಮನೆ ಬಾಡಿಗೆಗೆ ಕೇಳಲು ಬಂದಿದ್ದ ಶಶಿಯ ಮುಖಕ್ಕೇ ದೊಡ್ಡಬೈರಪ್ಪ ಗೇಟು ಹಾಕಿದ. ಭಾನುವಾರ ತಪ್ಪದೆ ಮಿಲಿಟರಿ ಹೋಟೆಲಿನಲ್ಲಿ ತಲೆಮಾಂಸ ಜಗಿಯುವ ಈ ಆಸಾಮಿಯ ಸಸ್ಯಾಹಾರ ಚಾಮರಾಜಪೇಟೆಯ ನಾಯಿಗಳಿಗೂ ಗೊತ್ತು. ಆದರೂ ಶಶಿ ಗೇಟಿನ ಮುಂದೆಯೇ ನಿಂತ. ಹೆಂಡತಿ ಮೀನಾ ತುಂಬು ಬಸುರಿ. ಈಗಿರುವ ಮನೆಯನ್ನು ಮಾಲೀಕರು ಕೆಡವಲು ನಿಂತಿದ್ದಾರೆ. ಮಗು ಬರುವಷ್ಟರಲ್ಲಿ ಒಂದು ಸೂರು ಬೇಕು.

ಎದುರಿನ ಹಂಚಿನ ಮನೆಯ ಜಗಲಿಯಿಂದ ಅವನ ಅಜ್ಜಿ ಮಾರಕ್ಕ ಕೂಗಿದಳು. "ಬಾರೋ ಈ ಕಡೆ! ಇವತ್ತು ಒಲೆ ದಿನ, ಮೀನ್ ಸಾರು ಮಾಡೋರ್ ಯಾರು, ಅವರಪ್ಪನಾ?"

ಹಿಂದೆ ಮಾರಕ್ಕನೂ ಅವಳ ಗಂಡ ದಾಸಪ್ಪನೂ ಆ ಹಂಚಿನ ಮನೆಗೆ ಬಾಡಿಗೆಗೆ ಬಂದಾಗ ಹೊಲಗೇರಿಯವರು ಯಾರೂ ಈ ಬೀದಿಯಲ್ಲಿ ಇರಲಿಲ್ಲ. ಮನೆಯೊಡೆಯ ಒಪ್ಪಿದರೂ ಬೀದಿ ಒಪ್ಪಲಿಲ್ಲ. ಒಣಮೀನಿನ ವಾಸನೆಯೆಂದು ಸಾಮಾನೆಲ್ಲ ಹೊರಗೆಸೆದರು. ಮಾರಕ್ಕ ಅಳಲಿಲ್ಲ. ಬೀದಿ ನಡುವೆ ಮೂರು ಕಲ್ಲಿಟ್ಟು ಅದೇ ಮೀನಿನ ಸಾರು ಕುದಿಸಿದಳು. ತರಗುಪೇಟೆಯ ಮೂಟೆ ಹೊರುವವರೆಲ್ಲ ಬಂದು ಪಂಕ್ತಿ ಕೂತರು. ಬೀದಿ ಸೋಲುವ ತನಕ ಎದ್ದೇಳಲಿಲ್ಲ. ಅಂದಿನಿಂದ ವರ್ಷಕ್ಕೊಮ್ಮೆ ಇಲ್ಲಿ ಒಲೆ ದಿನ. ಮನೆಯನ್ನು ಆಮೇಲೆ ಮೂಟೆ ಹೊರುವವರ ಸಂಘ ಕೊಂಡು ಮಕ್ಕಳ ಓದಿನ ಕೋಣೆ ಮಾಡಿದೆ. ಹಿಂಬದಿಯ ಗೂಡಿನಂಥ ಕೋಣೆಯಷ್ಟೇ ಮಾರಕ್ಕನದು.

ಮಧ್ಯಾಹ್ನಕ್ಕೆ ಬೀದಿ ತುಂಬ ಜನ, ತಮಟೆ, ಕೇಕೆ. ಎಲೆಕ್ಷನ್ ಕನಸಿನ ದೊಡ್ಡಬೈರಪ್ಪ ಗರಿಗರಿ ಬಿಳಿ ಅಂಗಿಯಲ್ಲಿ ಬಂದು ದಾಸಪ್ಪನ ಫೋಟೋಗೆ ಹಾರ ಹಾಕಿದ. "ನಾವೆಲ್ಲ ಒಂದೇ ಮನೆಯೋರು" ಎಂದು ಭಾಷಣ ಬಿಗಿದು ಎಲೆ ಮುಂದೆ ಕೂತ. ಮೊದಲ ಮುದ್ದೆ ಕರಗಿತು. ಎರಡನೆಯದೂ. ಬೆರಳು ನೆಕ್ಕುತ್ತಾ, "ಇನ್ನೊಂದ್ ಸೌಟು ಬಿಡಮ್ಮೋ! ಯಾರ್ ಮಾಡಿದ್ದು ಸಾರು?" ಎಂದ.

"ಬೆಳಿಗ್ಗೆ ಗಬ್ಬು ಅಂದ್ರಲ್ಲ, ಆ ನನ್ ಮೊಮ್ಮಗ" ಅಂದಳು ಮಾರಕ್ಕ. "ಮೀಸೇಲಿ ಮುಳ್ಳೈತೆ, ಒರೆಸ್ಕೊಳಿ ಗೌಡ್ರೇ. ಮನೆಗಂಟ ವಾಸ್ನೆ ಹೋದಾತು!"

ಪಂಕ್ತಿಗೆ ಪಂಕ್ತಿಯೇ ಕುಲುಕಿತು. ಪಕ್ಕದ ಎಲೆಯ ಅಂಜಿನಮ್ಮನಿಗೆ ನಕ್ಕು ನಕ್ಕು ನೆತ್ತಿಗೇರಿತು.

ದೊಡ್ಡಬೈರಪ್ಪನೂ ಹಲ್ಲು ಕಿರಿದ. ಸಾರಿನ ಬಕೆಟ್ಟು ಹಿಡಿದು ನಿಂತಿದ್ದ ಶಶಿಯ ರಟ್ಟೆ ಎಳೆದು ದನಿ ತಗ್ಗಿಸಿದ. "ಆಯ್ತು ಮಗಾ, ಇವತ್ತೇ ಬಂದ್ಬಿಡು ಮೇಲ್ಮನೆಗೆ. ಒಂದೇ ಮಾತು. ಕೆಳ್ಮನೆಗೆ ಹೊಸದಾಗ್ ಬಂದವ್ರೆ ಬದರೀನಾರಾಯಣ್ರು. ಅವ್ರು ಕೇಳಿದ್ರೆ ಈ ಮಾರಕ್ಕ ನಿಮ್ಮಜ್ಜಿ ಅನ್ಬೇಡ. ಗೌಡ್ರ ಪೈಕಿ, ನಮ್ಮೋರೇ ಅನ್ನು. ಏನಂತೀಯ?"

ಎರಡು ಎಲೆ ಆಚೆ ಕೂತಿದ್ದ ಮೀನಾಳಿಗೆ ಅಷ್ಟೂ ಕೇಳಿಸಿತು. ಅವಳು ಖಾಲಿ ಎಲೆಯನ್ನು ಬೆರಳಿನಿಂದ ತಟ್ಟಿದಳು.

"ರೀ, ಇಲ್ಲಿ ಹಸಿದೋರ್ ಇಬ್ಬರಿದೀವಿ. ಬನ್ನಿ ಈ ಕಡೆ."

ಶಶಿ ರಟ್ಟೆ ಕೊಸರಿಕೊಂಡು, ಬಕೆಟ್ಟು ತೂಗುತ್ತಾ ಅತ್ತ ನಡೆದ.